ಔಷಧಿ ಸಸ್ಯಗಳು ಮತ್ತು ಭಾರಲೋಹ: ಮಲಪ್ರಭೆಯ ನಾಲ್ಕು ತಾಲೂಕುಗಳ ನೆಲದಲ್ಲಿ

ಸೀಸ, ಕ್ಯಾಡ್ಮಿಯಂ, ಪಾದರಸ, ಕ್ರೋಮಿಯಂ, ನಿಕಲ್ ಮೊದಲಾದ ಲೋಹಗಳೂ ಅರೆಲೋಹವಾದ ಆರ್ಸೆನಿಕ್ಕೂ ಮಣ್ಣಿನಲ್ಲಿ ಮಿತಿಮೀರಿದಾಗ ಗಿಡದ ಬೆಳವಣಿಗೆ, ಉಸಿರಾಟ, ಆಹಾರ ತಯಾರಿಕೆ ಎಲ್ಲವೂ ಏರುಪೇರಾಗುತ್ತವೆ. ಸಸ್ಯವಿಜ್ಞಾನ ಇದನ್ನು ಭಾರಲೋಹದ ಒತ್ತಡವೆಂದು ಕರೆಯುತ್ತದೆ. ತಾಮ್ರ, ಸತು, ಮ್ಯಾಂಗನೀಸ್‌ಗಳೂ ಈ ಸಾಲಿಗೇ ಸೇರಿದವು, ಆದರೆ ಅವು ಅಲ್ಪ ಪ್ರಮಾಣದಲ್ಲಿ ಗಿಡಕ್ಕೆ ಬೇಕೇ ಬೇಕು. ಸೀಸ, ಕ್ಯಾಡ್ಮಿಯಂ, ಪಾದರಸಗಳಿಂದ ಗಿಡಕ್ಕೆ ಯಾವ ಉಪಯೋಗವೂ ಇಲ್ಲ.

ಜೋಳಕ್ಕೋ ಹತ್ತಿಗೋ ಈ ಒತ್ತಡ ತಗುಲಿದರೆ ಇಳುವರಿ ಬೀಳುತ್ತದೆ, ರೈತನಿಗೆ ಗೊತ್ತಾಗುತ್ತದೆ. ಔಷಧಿ ಸಸ್ಯದ ತೊಡಕು ಬೇರೆ ಬಗೆಯದು. ಲೋಹವನ್ನು ಚೆನ್ನಾಗಿ ತಾಳಿಕೊಳ್ಳಬಲ್ಲ ಗಿಡ ನೋಡಲು ಹಸಿರಾಗಿಯೇ ಇರುತ್ತದೆ. ಆದರೆ ಅದು ತಾಳಿಕೊಂಡ ಲೋಹ ಬೇರಿನಲ್ಲೋ ತೊಗಟೆಯಲ್ಲೋ ಎಲೆಯಲ್ಲೋ ಕೂತಿರುತ್ತದೆ, ಔಷಧಿಗೆಂದು ಜನ ಕೀಳುವುದೂ ಆ ಭಾಗವನ್ನೇ. ಹೀಗಾಗಿ ಗಿಡದ ಆರೋಗ್ಯವನ್ನು ನೋಡಿ ಔಷಧಿಯ ಶುದ್ಧತೆಯನ್ನು ಹೇಳಲಾಗದು. ಗಟ್ಟಿ ಗಿಡವೇ ಕೆಲವೊಮ್ಮೆ ಹೆಚ್ಚು ಅನುಮಾನಕ್ಕೆ ಅರ್ಹ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳು ಈ ವಿಷಯವನ್ನು ಅರಿಯಲು ಹೇಳಿ ಮಾಡಿಸಿದ ನೆಲ. ನಾಲ್ಕೂ ಮಲಪ್ರಭೆಯ ಕೊಳ್ಳದವು, ಆದರೂ ಒಂದರ ಮಣ್ಣು ಇನ್ನೊಂದಕ್ಕಿಲ್ಲ.

ನೆಲ

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಮಲೆನಾಡಿನಿಂದ ಬಯಲುಸೀಮೆಗೆ ಇಳಿಯುತ್ತ ಬರುತ್ತದೆ. ಮೊದಲು ಬೈಲಹೊಂಗಲಕ್ಕೆ ಸೇರಿದ್ದ ಕಿತ್ತೂರು ಈಗ ತಾನೇ ಒಂದು ತಾಲೂಕು. ಅದರ ಪಡುವಣ ಭಾಗ ಅರೆಮಲೆನಾಡು. ಅಲ್ಲಿನ ಕೆಂಪು ಜಂಬಿಟ್ಟಿಗೆ ಮಣ್ಣು ಮಳೆಗೆ ತೊಳೆದು ತೊಳೆದು ಸುಣ್ಣ ಕಳೆದುಕೊಂಡು ಹುಳಿಯ ಕಡೆ ವಾಲಿದೆ. ಬೈಲಹೊಂಗಲ ಹತ್ತಿಯ ಪೇಟೆಗೆ ಹೆಸರಾದದ್ದು ಎರೆಮಣ್ಣಿನ ಬಲದಿಂದ. ಸವದತ್ತಿಗೆ ಬಂದರೆ ಕಲ್ಲಿನ ಗುಡ್ಡಗಳು ಅಡ್ಡ ನಿಲ್ಲುತ್ತವೆ. ನದಿ ಗುಡ್ಡವನ್ನು ಸೀಳಿಕೊಂಡು ಹೋಗುವ ನವಿಲುತೀರ್ಥದ ಕಣಿವೆಯಲ್ಲೇ ಅಣೆಕಟ್ಟು ಕಟ್ಟಿದ್ದಾರೆ, ಅದರ ಹಿನ್ನೀರೇ ರೇಣುಕಾಸಾಗರ. ಈ ಬೆಣಚುಗಲ್ಲು, ಮರಳುಗಲ್ಲು ಮತ್ತು ರಾಮದುರ್ಗದ ಕಡೆ ಕಾಣುವ ಸುಣ್ಣಕಲ್ಲು ಭೂವಿಜ್ಞಾನಿಗಳು ಕಲಾದಗಿ ಶಿಲಾವರ್ಗ ಎಂದು ಕರೆಯುವ ಪ್ರಾಚೀನ ನಿಕ್ಷೇಪಗಳು. ಗುಡ್ಡದ ತಪ್ಪಲಲ್ಲಿ ಮಡ್ಡಿ ಮತ್ತು ಮಸಾರಿ, ತಗ್ಗಿನಲ್ಲಿ ಎರೆ.

ಮಣ್ಣಿನಲ್ಲಿ ಎಷ್ಟು ಲೋಹ ಇದೆ ಎಂಬುದಕ್ಕಿಂತ ಅದರಲ್ಲಿ ಎಷ್ಟು ನೀರಿಗೆ ಬಿಡುತ್ತದೆ ಎಂಬುದೇ ಗಿಡಕ್ಕೆ ಮುಖ್ಯ. ಡೆಕ್ಕನ್ ಕಪ್ಪುಶಿಲೆ ಸವೆದು ಆದ ಎರೆಮಣ್ಣಿನಲ್ಲಿ ತಾಮ್ರ, ನಿಕಲ್, ಕ್ರೋಮಿಯಂ ಹುಟ್ಟಿನಿಂದಲೇ ತುಸು ಹೆಚ್ಚು. ಗ್ರಾನೈಟಿನಿಂದಾದ ಮಣ್ಣಿನಲ್ಲಿ ಅಷ್ಟಿರುವುದಿಲ್ಲ. ಆದರೆ ಎರೆಯ ಜಿಗುಟು ಜೇಡಿ, ಅದರೊಳಗಿನ ಸುಣ್ಣದ ಹರಳು, ಅದರ ಕ್ಷಾರಗುಣ ಮೂರೂ ಕೂಡಿ ಸೀಸ, ಕ್ಯಾಡ್ಮಿಯಂ, ಸತುಗಳನ್ನು ಬಿಗಿಯಾಗಿ ಹಿಡಿದಿಡುತ್ತವೆ. ಇದೇ ಕಾರಣಕ್ಕೆ ಎರೆಹೊಲದ ರೈತ ಗೋವಿನಜೋಳಕ್ಕೆ ಸತುವಿನ ಸಲ್ಫೇಟ್ ಹಾಕಬೇಕಾಗುತ್ತದೆ: ನೆಲದಲ್ಲಿ ಸತು ಇದ್ದೂ ಬೇರಿಗೆ ಸಿಗದು. ಕಿತ್ತೂರಿನ ಹುಳಿಮಣ್ಣು ಇದಕ್ಕೆ ವಿರುದ್ಧ. ಅಲ್ಲಿ ಲೋಹ ಕಡಿಮೆ ಇದ್ದರೂ ಸಡಿಲವಾಗಿರುತ್ತದೆ.

ಇಷ್ಟಕ್ಕೇ ಎರೆಮಣ್ಣು ಕಾಯುತ್ತದೆ ಎಂದು ನಿಶ್ಚಿಂತರಾಗುವಂತಿಲ್ಲ. ಆರ್ಸೆನೇಟ್ ಮತ್ತು ಕ್ರೋಮೇಟ್‌ಗಳು ಋಣ ವಿದ್ಯುದಂಶದ ಅಯಾನುಗಳು. ಕ್ಷಾರ ಮಣ್ಣು ಅವನ್ನು ಹಿಡಿಯುವುದಿರಲಿ, ಇನ್ನಷ್ಟು ಸಲೀಸಾಗಿ ಬಿಟ್ಟುಕೊಡುತ್ತದೆ. ಮಲಪ್ರಭಾ ಕಾಲುವೆಯ ಅಚ್ಚುಕಟ್ಟಿನಲ್ಲಿ ಅತಿ ನೀರಾವರಿಯಿಂದ ಸವಳು-ಜವಳಾದ ಜಮೀನುಗಳದು ಇನ್ನೊಂದು ಕಥೆ. ಸವಳಿನ ಕ್ಲೋರೈಡು ಕ್ಯಾಡ್ಮಿಯಂ ಜೊತೆ ಕೂಡಿ ನೀರಲ್ಲಿ ಕರಗುವ ಸಂಯುಕ್ತವಾಗುತ್ತದೆ, ಜೇಡಿಯ ಹಿಡಿತದಿಂದ ಅದನ್ನು ಬಿಡಿಸುತ್ತದೆ. ನೀರು ನಿಂತು ಗಾಳಿ ಆಡದ ಜವಳಿನಲ್ಲಿ ಆರ್ಸೆನಿಕ್ ಮತ್ತು ಮ್ಯಾಂಗನೀಸ್ ಸಡಿಲಗೊಳ್ಳುತ್ತವೆ, ಕ್ಯಾಡ್ಮಿಯಂ ಮಾತ್ರ ಗಂಧಕಕ್ಕೆ ಅಂಟಿ ತೆಪ್ಪಗಾಗುತ್ತದೆ.

ಈ ತಾಲೂಕುಗಳಲ್ಲಿ ದೊಡ್ಡ ಲೋಹಗಣಿಯಾಗಲಿ ಲೋಹ ಕರಗಿಸುವ ಕಾರ್ಖಾನೆಯಾಗಲಿ ಇಲ್ಲ. ಹೊರಗಿನಿಂದ ಲೋಹ ಬರುವ ದಾರಿಗಳು ಸಣ್ಣವು, ಸದ್ದಿಲ್ಲದವು. ಶಿಲಾರಂಜಕದಿಂದ ಮಾಡಿದ ಗೊಬ್ಬರದಲ್ಲಿ ಕಲ್ಲಿನ ಮೂಲಕ್ಕೆ ತಕ್ಕಂತೆ ಕ್ಯಾಡ್ಮಿಯಂ ಇರುತ್ತದೆ. ಬೆಳೆಗೆ ಹೊಡೆಯುವ ಮೈಲುತುತ್ತದಿಂದ ತಾಮ್ರ ಸೇರುತ್ತದೆ. ಕಿತ್ತೂರು, ಎಂ.ಕೆ. ಹುಬ್ಬಳ್ಳಿಗಳನ್ನು ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯ ಅಂಚಿನದು ಹಳೆಯ ಬಾಕಿ. ದೇಶದಲ್ಲಿ ಸೀಸದ ಪೆಟ್ರೋಲು ನಿಂತದ್ದು 2000ದಲ್ಲಿ. ಅದಕ್ಕೆ ಮೊದಲು ಹೊಗೆಯಿಂದ ಉದುರಿದ ಸೀಸ ಮೇಲ್ಮಣ್ಣಿನಿಂದ ಬೇಗನೆ ಕದಲುವ ವಸ್ತುವಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಲಿನ ನದಿಗಳ ಪಟ್ಟಿಯಲ್ಲಿ ಮಲಪ್ರಭೆಯ ಹೆಸರು ಬಂದದ್ದುಂಟು. ಇದನ್ನು ಎತ್ತಿ ತೋರಿಸಿ ಲೋಹದ ಮಾತಾಡುವವರು ಒಂದನ್ನು ಗಮನಿಸಬೇಕು: ಆ ಪಟ್ಟಿ ತಯಾರಾಗುವುದು ನೀರಿನ ಜೈವಿಕ ಆಮ್ಲಜನಕ ಬೇಡಿಕೆಯ ಮೇಲೆ, ಅಂದರೆ ಚರಂಡಿ ನೀರು, ಕೊಳೆತ ವಸ್ತುಗಳ ಲೆಕ್ಕ ಅದು. ಸೀಸ, ಕ್ಯಾಡ್ಮಿಯಂಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಬೇರಿನ ಬಾಗಿಲಲ್ಲಿ

ಗಿಡದ ಮೊದಲ ಕಾವಲು ಬೇರಿನ ಹೊರಗೇ ಇದೆ. ಬೇರು ಸಿಟ್ರಿಕ್, ಮ್ಯಾಲಿಕ್ ಮುಂತಾದ ಆಮ್ಲಗಳನ್ನು ಸ್ರವಿಸಿ ಕೆಲವು ಲೋಹಗಳನ್ನು ಹೊರಗೇ ಕಟ್ಟಿಹಾಕುತ್ತದೆ. ಬೇರಿನೊಡನೆ ಬಾಳುವ ಶಿಲೀಂಧ್ರಗಳು ತಮ್ಮ ಎಳೆಗಳಲ್ಲಿ ಒಂದಷ್ಟನ್ನು ಹಿಡಿದುಕೊಳ್ಳುತ್ತವೆ. ಇವೆರಡನ್ನೂ ದಾಟಿ ಬಂದದ್ದು ಜೀವಕೋಶದ ಗೋಡೆಯ ಪೆಕ್ಟಿನ್‌ಗೆ ಅಂಟುತ್ತದೆ. ಸೀಸದ ಬಹುಪಾಲು ಇಲ್ಲೇ ನಿಲ್ಲುತ್ತದೆ. ಆದ್ದರಿಂದ ಬಹುತೇಕ ಗಿಡಗಳಲ್ಲಿ ಸೀಸ ಬೇರಲ್ಲಿ ಹೆಚ್ಚು, ಎಲೆಯಲ್ಲಿ ಕಡಿಮೆ. ಎಲೆ ತಿನ್ನುವವರಿಗೆ ಇದು ನೆಮ್ಮದಿಯ ಸಂಗತಿ. ಅಶ್ವಗಂಧದ ಬೇರು ಅಗೆಯುವವರಿಗೆ ಆ ನೆಮ್ಮದಿ ಇಲ್ಲ.

ಕೋಶದ ಒಳಕ್ಕೆ ಲೋಹ ನುಗ್ಗುವುದು ಬೇರೆಯವರಿಗೆಂದು ಇರುವ ಬಾಗಿಲುಗಳಿಂದ. ಕಬ್ಬಿಣ, ಸತು ಒಯ್ಯುವ ವಾಹಕ ಪ್ರೋಟೀನುಗಳು ಕ್ಯಾಡ್ಮಿಯಂ ಅನ್ನು ಗುರುತು ತಪ್ಪಿ ಒಳಗೆ ಬಿಡುತ್ತವೆ. ಆರ್ಸೆನೇಟು ರಂಜಕದ ದಾರಿಯಲ್ಲೂ ಆರ್ಸೆನೈಟು ಸಿಲಿಕಾದ ದಾರಿಯಲ್ಲೂ ಬರುತ್ತವೆ. ಮಣ್ಣಿನಲ್ಲಿ ಸತು ಕಡಿಮೆ ಇದ್ದಾಗ ಗಿಡ ಆ ಬಾಗಿಲುಗಳನ್ನು ಹೆಚ್ಚು ತೆರೆಯುತ್ತದೆ, ಕ್ಯಾಡ್ಮಿಯಂಗೂ ದಾರಿ ಅಗಲವಾಗುತ್ತದೆ. ಸತುವಿನ ಕೊರತೆಯ ಎರೆಹೊಲಕ್ಕೆ ಈ ಮಾತು ವಿಶೇಷವಾಗಿ ಅನ್ವಯ.

ಒಳಬಂದ ಕ್ಯಾಡ್ಮಿಯಂ ಕಿಣ್ವಗಳಲ್ಲಿ ಸತುವಿನ ಜಾಗಕ್ಕೆ ಕೂತು ಅವನ್ನು ನಿಷ್ಕ್ರಿಯಗೊಳಿಸುತ್ತದೆ. ಪತ್ರಹರಿತ್ತು ಮಾಸಿ ಎಲೆ ಹಳದಿಗೆ ತಿರುಗುತ್ತದೆ. ತಾಮ್ರ, ಕ್ರೋಮಿಯಂಗಳು ನೇರವಾಗಿಯೂ ಕ್ಯಾಡ್ಮಿಯಂ, ಸೀಸಗಳು ಬಳಸುದಾರಿಯಲ್ಲೂ ಉಗ್ರ ಆಮ್ಲಜನಕದ ಅಣುಗಳನ್ನು ಹೆಚ್ಚಿಸುತ್ತವೆ. ಕೋಶಪೊರೆಯ ಕೊಬ್ಬು ಕೆಡುತ್ತದೆ. ಇದಕ್ಕೆ ಎದುರಾಗಿ ಗಿಡ ಸೂಪರಾಕ್ಸೈಡ್ ಡಿಸ್ಮ್ಯುಟೇಸ್, ಕ್ಯಾಟಲೇಸ್ ಎಂಬ ಕಿಣ್ವಗಳನ್ನೂ ಗ್ಲುಟಾಥಯೋನ್, ಆಸ್ಕಾರ್ಬಿಕ್ ಆಮ್ಲ, ಪ್ರೋಲೀನ್‌ಗಳನ್ನೂ ಕೂಡಿಸಿಕೊಳ್ಳುತ್ತದೆ.

ಸರ್ಪಗಂಧದಿಂದ ಬಂದ ತಿಳಿವು

ಲೋಹವನ್ನು ಗಿಡ ಒಳಗೆ ಹೇಗೆ ಕಟ್ಟಿಹಾಕುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಒಂದು ಭಾರತೀಯ ಔಷಧಿ ಸಸ್ಯದಲ್ಲಿ. 1985ರಲ್ಲಿ ಮ್ಯೂನಿಕ್‌ನ ಎರ್ವಿನ್ ಗ್ರಿಲ್, ಅರ್ನ್ಸ್ಟ್-ಲುಡ್ವಿಗ್ ವಿನ್ನಾಕರ್, ಮೈನ್‌ಹಾರ್ಟ್ ತ್ಸೆಂಕ್ ಇವರು ಸರ್ಪಗಂಧದ ಜೀವಕೋಶಗಳನ್ನು ದ್ರವದಲ್ಲಿ ಬೆಳೆಸಿ ಅದಕ್ಕೆ ಕ್ಯಾಡ್ಮಿಯಂ ಬೆರೆಸಿದರು. ಕೋಶಗಳು ಸಾಯದೆ, ಗ್ಲುಟಮಿಕ್ ಆಮ್ಲ ಮತ್ತು ಸಿಸ್ಟೀನ್‌ಗಳ ಜೋಡಿ ಮತ್ತೆ ಮತ್ತೆ ಬಂದು ಗ್ಲೈಸೀನ್‌ನಲ್ಲಿ ಮುಗಿಯುವ ಚಿಕ್ಕ ಪೆಪ್ಟೈಡ್‌ಗಳನ್ನು ತಯಾರಿಸಿಕೊಂಡವು. ಸಿಸ್ಟೀನಿನಲ್ಲಿರುವ ಗಂಧಕ ಲೋಹವನ್ನು ಕಚ್ಚಿ ಹಿಡಿಯುತ್ತದೆ. ಇವಕ್ಕೆ ಫೈಟೋಕೆಲಾಟಿನ್ ಎಂದು ಹೆಸರಿಟ್ಟರು. ಇಂಥದೇ ಪೆಪ್ಟೈಡನ್ನು ಜಪಾನಿನ ವಿಜ್ಞಾನಿಗಳು ಯೀಸ್ಟಿನಲ್ಲಿ ಕೆಲವು ವರ್ಷ ಮೊದಲೇ ಕಂಡಿದ್ದರು. ಹೂಬಿಡುವ ಸಸ್ಯಗಳ ಮುಖ್ಯ ರಕ್ಷಣೆ ಇದೇ ಎಂದು ತೋರಿಸಿದ ಕೀರ್ತಿ ಸರ್ಪಗಂಧದ ಪ್ರಯೋಗಕ್ಕೆ ಸೇರಬೇಕು. ರಕ್ತದೊತ್ತಡ ಇಳಿಸುವ ರೆಸರ್ಪೀನ್ ಸಿಕ್ಕಿದ್ದೂ ಇದೇ ಗಿಡದ ಬೇರಿನಿಂದ, 1952ರಲ್ಲಿ. ತೇವ ಮತ್ತು ನೆರಳು ಬಯಸುವ ಸರ್ಪಗಂಧ ಘಟ್ಟದ ಕಾಡಿನ ಗಿಡ, ಸವದತ್ತಿಯ ಎರೆಹೊಲದಲ್ಲಿ ಹುಡುಕಿದರೆ ಸಿಗದು. ಬಯಲುಸೀಮೆಯ ಬೇಲಿಯಲ್ಲಿ ಧಾರಾಳವಾಗಿರುವ ಮದಗುಣಕಿಯ, ಅಂದರೆ ದತ್ತೂರಿಯ, ಕುಲದ ಮೇಲೂ ಇಂಥ ಕೆಲಸ ನಡೆದಿದೆ. ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ 1980ರ ದಶಕದಲ್ಲಿ ದತ್ತೂರಿಯ ಒಂದು ಪ್ರಭೇದದ ಕೋಶಗಳನ್ನು ಕ್ಯಾಡ್ಮಿಯಂಗೆ ಪಳಗಿಸಿ, ತಾಳಿಕೆಯ ಹಿಂದೆ ಇವೇ ಪೆಪ್ಟೈಡ್‌ಗಳಿರುವುದನ್ನು ಕಂಡರು.

ಫೈಟೋಕೆಲಾಟಿನ್ ತಯಾರಿಸುವ ಕಿಣ್ವ ಕೋಶದಲ್ಲಿ ಮೊದಲೇ ಸಿದ್ಧವಾಗಿರುತ್ತದೆ, ಲೋಹ ಬಂದು ಮುಟ್ಟಿದೊಡನೆ ಎಚ್ಚರಗೊಳ್ಳುತ್ತದೆ. ಕಚ್ಚಾವಸ್ತು ಗ್ಲುಟಾಥಯೋನ್. ಇಲ್ಲೊಂದು ಇಕ್ಕಟ್ಟು ಇದೆ. ಉಗ್ರ ಆಮ್ಲಜನಕವನ್ನು ತಣಿಸಲಿಕ್ಕೂ ಅದೇ ಗ್ಲುಟಾಥಯೋನ್ ಬೇಕು. ಲೋಹ ಕಟ್ಟಲು ಅದು ಖರ್ಚಾದಷ್ಟೂ ಇನ್ನೊಂದು ರಕ್ಷಣೆ ಸೊರಗುತ್ತದೆ. ಗಂಧಕ ಸಾಕಷ್ಟಿರುವ ನೆಲದಲ್ಲಿ ಗಿಡ ಹೆಚ್ಚು ತಾಳುವುದು ಇದರಿಂದ.

ಕಟ್ಟಿದ ಲೋಹವನ್ನು ಗಿಡ ಕೋಶದ ರಸಕುಹರಕ್ಕೆ ಸಾಗಿಸುತ್ತದೆ. ಹಿಂದೆ ಈ ಸೀಮೆಯಲ್ಲಿ ಜೋಳವನ್ನು ಹಗೇವಿಗೆ ಸುರಿದು ಬಾಯಿ ಮುಚ್ಚುತ್ತಿದ್ದಂತೆ, ಲೋಹವನ್ನು ಅಲ್ಲಿ ಹಾಕಿ ಬಾಗಿಲು ಹಾಕುತ್ತದೆ. ಕೋಶದ ಕೆಲಸ ನಡೆಯುವ ಜಾಗ ಶುದ್ಧವಾಗುತ್ತದೆ, ಲೋಹ ಮಾತ್ರ ಗಿಡದಲ್ಲೇ ಇರುತ್ತದೆ.

ಎರಡು ಗಿಡ, ಎರಡು ದಾರಿ

ಈ ಸಂಗ್ರಹ ಬೇರಲ್ಲಿ ಆಗುತ್ತದೆಯೋ ಎಲೆಯಲ್ಲೋ ಎಂಬುದರ ಮೇಲೆ ಗಿಡಗಳ ಸ್ವಭಾವ ಬೇರೆಯಾಗುತ್ತದೆ. ಬದನೆಯ ಕುಲದ ಎರಡು ಗಿಡಗಳು ಇದಕ್ಕೆ ಸೊಗಸಾದ ನಿದರ್ಶನ. ಆಯುರ್ವೇದದಲ್ಲಿ ಕಾಕಮಾಚಿ ಎನ್ನುವ ಗಣಿಕೆ ಸೊಪ್ಪನ್ನು ಬಾಯಿಹುಣ್ಣಿಗೂ ಹೊಟ್ಟೆಯ ಉರಿಗೂ ಮನೆಯಲ್ಲಿ ಬಳಸುತ್ತಾರೆ. ಚೀನದ ಶೆನ್ಯಾಂಗ್‌ನ ವಿಜ್ಞಾನಿಗಳು ಇದೇ ಗಿಡವನ್ನು ಕ್ಯಾಡ್ಮಿಯಂನ ಅತಿಸಂಗ್ರಾಹಕವೆಂದು ಈ ಶತಮಾನದ ಮೊದಲ ದಶಕದಲ್ಲಿ ಗುರುತಿಸಿದರು. ಒಣಗಿದ ಎಲೆಯ ಒಂದು ಕಿಲೋಗ್ರಾಂನಲ್ಲಿ 100 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಡ್ಮಿಯಂ ಸೇರಿಸಿಕೊಂಡೂ ಬದುಕುವ ಗಿಡಕ್ಕೆ ಈ ಹೆಸರು. ಕೆಟ್ಟ ನೆಲವನ್ನು ತೊಳೆಯಲು ಇದು ವರದಾನ, ಅದೇ ನೆಲದ ಸೊಪ್ಪನ್ನು ಸಾರಿಗೆ ಹಾಕುವವರಿಗೆ ಗಂಡಾಂತರ. ನಮ್ಮಲ್ಲಿ ಗಣಿಕೆ ಎಂದು ಕರೆಯುವುದು ಹತ್ತಿರದ ಒಂದೆರಡು ಪ್ರಭೇದಗಳನ್ನು ಸೇರಿಸಿ, ಅವೆಲ್ಲವೂ ಲೋಹದ ವಿಷಯದಲ್ಲಿ ಒಂದೇ ರೀತಿ ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು.

ಸುಂಡೆ ಗಿಡ ಇದಕ್ಕೆ ಪೂರ್ತಿ ವಿರುದ್ಧ. ಕೆಮ್ಮಿಗೆ ಮದ್ದಾಗುವ ಸುಂಡೆಕಾಯಿಯ ಈ ಗಿಡ ಕ್ಯಾಡ್ಮಿಯಂ ಅನ್ನು ಬೇರಿನಿಂದ ಮೇಲಕ್ಕೆ ಹೋಗಗೊಡುವುದೇ ಅಪರೂಪ. ಜಪಾನಿನಲ್ಲಿ ಸುಂಡೆಯ ಬುಡಕ್ಕೆ ಬದನೆಯ ಕಸಿ ಕಟ್ಟಿ, ಬದನೆಕಾಯಿಯಲ್ಲಿ ಕ್ಯಾಡ್ಮಿಯಂ ಗಣನೀಯವಾಗಿ ಇಳಿಯುವುದನ್ನು 2008ರ ಹೊತ್ತಿಗೆ ತೋರಿಸಿದರು. ಬೇರು ಯಾರದು ಎಂಬುದೇ ಕಾಯಿಯ ಹಣೆಬರಹವನ್ನು ನಿರ್ಧರಿಸಿತು. ಜಗತ್ತಿನ ಅತಿರೇಕದ ಉದಾಹರಣೆ ಬೇಕೆಂದರೆ ಪೆಸಿಫಿಕ್‌ನ ನ್ಯೂ ಕ್ಯಾಲೆಡೋನಿಯ ದ್ವೀಪದಲ್ಲಿ ಒಂದು ಮರವಿದೆ. ಅದರ ನೀಲಿಹಸಿರು ಹಾಲನ್ನು ಒಣಗಿಸಿದರೆ ತೂಕದ ಕಾಲುಭಾಗ ನಿಕಲ್.

ಮದ್ದಿನ ಗುಣ ಏರುತ್ತದೆಯೇ?

ಗಿಡ ಔಷಧೀಯ ವಸ್ತುಗಳನ್ನು ತಯಾರಿಸುವುದು ನಮಗಾಗಿ ಅಲ್ಲ, ತನ್ನ ಕಷ್ಟಕ್ಕಾಗಿ. ಹಾಗಾಗಿ ಒತ್ತಡ ಬಂದಾಗ ಅವು ಹೆಚ್ಚುವುದುಂಟು. ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯ ತಂಡ ತುಳಸಿಗೆ ಕ್ರೋಮಿಯಂ ಉಣಿಸಿ ನೋಡಿದಾಗ ಪತ್ರಹರಿತ್ತು ಕುಗ್ಗಿತು, ಪ್ರೋಲೀನ್ ಏರಿತು, ಜೊತೆಗೆ ಲವಂಗದ ವಾಸನೆಯ ಯೂಜಿನಾಲ್ ಕೂಡ ಏರಿತು. ಇದು ಪ್ರಕಟವಾದದ್ದು 2004ರಲ್ಲಿ. ಮರುವರ್ಷ ಕಾಮಾಲೆಯ ಮದ್ದಾದ ನೆಲನೆಲ್ಲಿಯಲ್ಲಿ ಕ್ಯಾಡ್ಮಿಯಂನ ಕೆಲವು ಪ್ರಮಾಣಗಳಲ್ಲಿ ಫಿಲಾಂಥಿನ್, ಹೈಪೋಫಿಲಾಂಥಿನ್‌ಗಳು ಹೆಚ್ಚಿದ್ದನ್ನು ವರದಿ ಮಾಡಿದರು. ಇದನ್ನೇ ಹಿಡಿದು ಲೋಹದಿಂದ ಔಷಧಿಯ ಬಲ ಹೆಚ್ಚಿಸಬಹುದೆಂದು ಉತ್ಸಾಹಪಡುವ ಬರಹಗಳಿವೆ. ಆ ಉತ್ಸಾಹಕ್ಕೆ ಅರ್ಥವಿಲ್ಲ: ಹೆಚ್ಚಿದ ಸಾರವೂ ಹೆಚ್ಚಿದ ಲೋಹವೂ ಒಂದೇ ಎಲೆಯಲ್ಲಿವೆ. ಫಲ ಯಾವಾಗಲೂ ಏರುಮುಖವೂ ಅಲ್ಲ. ಯೂರೋಪಿನಲ್ಲಿ ಖಿನ್ನತೆಗೆ ಕೊಡುವ ಸೇಂಟ್ ಜಾನ್ಸ್ ವರ್ಟ್ ಗಿಡಕ್ಕೆ ನಿಕಲ್ ತಗುಲಿದಾಗ ಹೈಪರ್ಫೋರಿನ್ ತಯಾರಾಗುವುದೇ ನಿಂತಿತು, ಹೈಪರಿಸಿನ್ 15ರಿಂದ 20 ಪಟ್ಟು ಕುಸಿಯಿತು ಎಂದು 2003ರ ಒಂದು ಅಧ್ಯಯನ ಹೇಳುತ್ತದೆ. ಅಂಥ ಗಿಡದಲ್ಲಿ ಮದ್ದೂ ಇಲ್ಲ, ವಿಷವೊಂದು ಉಳಿಯಿತು.

ಕೀಳುವ ಜಾಗ

ನಾಲ್ಕು ತಾಲೂಕುಗಳ ಮನೆಮದ್ದಿನ ಗಿಡಗಳಲ್ಲಿ ಹೆಚ್ಚಿನವು ಬೆಳೆದವಲ್ಲ, ತಾವಾಗಿ ಹುಟ್ಟಿದವು: ಬದುವಿನ ಅಶ್ವಗಂಧ ಮತ್ತು ಉತ್ತರಾಣಿ, ಮಡ್ಡಿಯ ಆವರಿಕೆ, ಹಳ್ಳದ ದಂಡೆಯ ಲಕ್ಕಿ, ಕಾಲುವೆಯ ತೇವದಲ್ಲಿ ಗರಗ ಮತ್ತು ಒಂದೆಲಗ, ಬೇವಿನ ಮೇಲೆ ಹಬ್ಬಿದ ಅಮೃತಬಳ್ಳಿ, ರಸ್ತೆಯ ಅಂಚಿನ ಎಕ್ಕ. ಹುಟ್ಟುವ ಜಾಗವೇ ಇವುಗಳ ಜಾತಕ. ಒಂದೇ ಉತ್ತರಾಣಿ ಕಿತ್ತೂರಿನ ಹೆದ್ದಾರಿಯ ಬದಿಯ ಹುಳಿಮಣ್ಣಿನಲ್ಲೂ ರಾಮದುರ್ಗದ ಸುಣ್ಣದ ನೆಲದಲ್ಲೂ ಬೇರೆ ಬೇರೆ ವಸ್ತುವಾಗುತ್ತದೆ; ಅಂಗಡಿಯ ಪುಡಿಯಲ್ಲಿ ಎರಡೂ ಬೆರೆತಾಗ ಈ ಗುರುತು ಅಳಿಸಿಹೋಗುತ್ತದೆ. ತೇವದ ಗಿಡಗಳ ಮೇಲೆ ಹೆಚ್ಚು ಕಣ್ಣಿಡಬೇಕು. ಚರಂಡಿ ಸೇರುವ ನೀರಿನಲ್ಲಿ ಬೆಳೆದ ನೀರುಬ್ರಾಹ್ಮಿ ಕ್ಯಾಡ್ಮಿಯಂ, ಕ್ರೋಮಿಯಂಗಳನ್ನು ಹೀರಿಕೊಳ್ಳುವುದು ಲಖನೌದ ಪ್ರಯೋಗಗಳಿಂದಲೇ ಗೊತ್ತಾಗಿದೆ. ಒಂದೆಲಗವೂ ಗರಗವೂ ಅಂಥದೇ ಜಾಗದಲ್ಲಿ ಬೆಳೆಯುವವು. ಎಕ್ಕದಂಥ ರಸ್ತೆಬದಿಯ ಗಿಡಕ್ಕೆ ಲೋಹ ಬೇರಿನಿಂದ ಬರುವಷ್ಟೇ ಎಲೆಯ ಮೇಲಿನ ಧೂಳಿನಿಂದಲೂ ಬರುತ್ತದೆ. ಧೂಳಿನದು ತೊಳೆದರೆ ಸ್ವಲ್ಪ ಹೋಗುತ್ತದೆ, ಬೇರಿನಿಂದ ಬಂದದ್ದು ಹೋಗುವುದಿಲ್ಲ.

ಅದಿರಿನ ಮೇಲೇ ಔಷಧಿ ಸಸ್ಯಗಳು ಬೆಳೆದಿರುವ ಹತ್ತಿರದ ನೆಲ ಗದಗ ಜಿಲ್ಲೆಯ ಕಪ್ಪತಗುಡ್ಡ. ಮೂಲಿಕೆಗಳಿಗೆ ಹೆಸರಾದ ಈ ಗುಡ್ಡಸಾಲು 2019ರಲ್ಲಿ ವನ್ಯಜೀವಿಧಾಮವಾಯಿತು, ವಿಸ್ತೀರ್ಣ 244.15 ಚದರ ಕಿಲೋಮೀಟರ್. ಗದಗ ಪ್ರದೇಶದ ಚಿನ್ನ ಕಬ್ಬಿಣ-ಆರ್ಸೆನಿಕ್-ಗಂಧಕದ ಖನಿಜದ ಜೊತೆ ಸಿಗುತ್ತದೆ. ಅಲ್ಲಿ ಚಿನ್ನದ ಗಣಿ ಮಾಡುವ ಯೋಚನೆಗೆ ವಿರೋಧ ಬಂದಾಗ ಕಾಡು, ಮಳೆ, ಮೂಲಿಕೆಗಳ ಮಾತು ಬಹಳ ಕೇಳಿಬಂತು. ಅಗೆದು ಹೊರಹಾಕಿದ ಕಲ್ಲಿನಿಂದ ಆರ್ಸೆನಿಕ್ ಬಿಡುಗಡೆಯಾದರೆ ಅದೇ ಮೂಲಿಕೆಗಳ ಗತಿ ಏನು ಎಂಬುದೂ ಅಷ್ಟೇ ತೂಕದ ಪ್ರಶ್ನೆ.

ಮಿತಿಗಳು, ಮತ್ತು ಬೇರಿನಿಂದ ಬಾರದ ಲೋಹ

ವಿಶ್ವ ಆರೋಗ್ಯ ಸಂಸ್ಥೆ ಮೂಲಿಕೆಗಳಲ್ಲಿ ಕಿಲೋಗ್ರಾಂಗೆ ಸೀಸ 10 ಮಿಲಿಗ್ರಾಂ, ಕ್ಯಾಡ್ಮಿಯಂ 0.3 ಮಿಲಿಗ್ರಾಂ ಮಿತಿ ಹೇಳಿದೆ. ಭಾರತದ ಆಯುರ್ವೇದ ಔಷಧಿ ಸಂಹಿತೆ ಇವೆರಡರ ಜೊತೆಗೆ ಆರ್ಸೆನಿಕ್‌ಗೆ 3, ಪಾದರಸಕ್ಕೆ 1 ಮಿಲಿಗ್ರಾಂ ಗಡಿ ಹಾಕಿದೆ. 2004ರ ಕೊನೆಯಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಾಸ್ಟನ್ ಸುತ್ತಲಿನ ಅಂಗಡಿಗಳ 70 ಆಯುರ್ವೇದ ಉತ್ಪನ್ನಗಳ ಪೈಕಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿದ್ದು ವರದಿಯಾಯಿತು. ಅದರ ಬೆನ್ನಿಗೇ ಆಯುಷ್ ಇಲಾಖೆ, ರಫ್ತಾಗುವ ಶುದ್ಧ ಸಸ್ಯಮೂಲದ ಔಷಧಿಗಳಿಗೆ 2006ರ ಜನವರಿ 1ರಿಂದ ಲೋಹಪರೀಕ್ಷೆ ಕಡ್ಡಾಯ ಮಾಡಿತು. ಪಾದರಸ, ತಾಮ್ರಗಳನ್ನು ಬೇಕೆಂದೇ ಸಂಸ್ಕರಿಸಿ ಹಾಕುವ ರಸೌಷಧಿಗಳ ಚರ್ಚೆ ಬೇರೆ, ಅದನ್ನು ಇದರೊಡನೆ ಬೆರೆಸಬಾರದು. ಊರ ಸಂತೆಯಲ್ಲಿ ಕಂತೆ ಕಟ್ಟಿ ಮಾರುವ ಬೇರಿಗೆ ಈ ಪರೀಕ್ಷೆ ತಲುಪುವುದಿಲ್ಲ. ಬೆಳಗಾವಿಯಲ್ಲಿ 2006ರಲ್ಲಿ ಶುರುವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕೇಂದ್ರ ಈಗ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯಾಗಿದೆ. ಜಿಲ್ಲೆಯ ಮೂಲಿಕೆಗಳನ್ನು ಮಣ್ಣಿನ ಸಮೇತ ಅಳೆಯಲು ಇದು ಹತ್ತಿರದಲ್ಲೇ ಇರುವ ಸಂಸ್ಥೆ.

ಮೂಲಿಕೆಯಲ್ಲಿ ಲೋಹ ಕಂಡಾಗಲೆಲ್ಲ ನೆಲವನ್ನೋ ಗಿಡವನ್ನೋ ದೂರುವುದೂ ತಪ್ಪಾದೀತು. ಅರಿಶಿನ ಇದಕ್ಕೆ ಸಾಕ್ಷಿ. ಬಾಂಗ್ಲಾದೇಶದಲ್ಲಿ ಕೊಂಬಿಗೆ ಹೊಳಪು ಬರಲೆಂದು ವ್ಯಾಪಾರಿಗಳು ಹಳದಿ ಬಣ್ಣದ ಸೀಸದ ಕ್ರೋಮೇಟ್ ಹಚ್ಚುತ್ತಿದ್ದುದು 2019ರಲ್ಲಿ ಬಯಲಾಯಿತು. ಆಗ ಪೇಟೆಯ ಮಾದರಿಗಳಲ್ಲಿ ಶೇಕಡಾ 47ರಲ್ಲಿ ಸೀಸ ಸಿಕ್ಕಿತ್ತು, ಸರ್ಕಾರ ದಾಳಿ-ದಂಡಕ್ಕೆ ಇಳಿದ ಮೇಲೆ 2021ರಲ್ಲಿ ಒಂದರಲ್ಲೂ ಸಿಗಲಿಲ್ಲ. ಆ ಸೀಸದಲ್ಲಿ ಅರಿಶಿನದ ಬೇರಿನ ಪಾಲು ಏನೂ ಇರಲಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಅರಿಶಿನವನ್ನು ಭಂಡಾರವೆಂದು ಕೈತುಂಬ ಎರಚುವ, ಹಣೆಗೆ ಹಚ್ಚುವ, ಬಾಯಿಗೂ ಹಾಕಿಕೊಳ್ಳುವ ಸೀಮೆಯಲ್ಲಿ ಕೊಳ್ಳುವ ಪುಡಿಯ ಮೂಲ ವಿಚಾರಿಸುವುದು ಅತಿಯಾದ ಎಚ್ಚರಿಕೆಯೇನಲ್ಲ.

ಮದ್ದನ್ನು ಹೇಗೆ ತಯಾರಿಸುತ್ತೇವೆ ಎಂಬುದರಿಂದಲೂ ಲೆಕ್ಕ ಬದಲಾಗುತ್ತದೆ. ಚೂರ್ಣ ತಿಂದರೆ ಗಿಡದಲ್ಲಿದ್ದ ಲೋಹವೆಲ್ಲ ಹೊಟ್ಟೆಗೆ. ಕಷಾಯಕ್ಕೆ ಇಳಿಯುವುದು ಅದರ ಒಂದು ಪಾಲು. ಆವಿಯಲ್ಲಿ ಬಟ್ಟಿಯಿಳಿಸಿದ ಸುಗಂಧ ತೈಲದಲ್ಲಿ ಲೋಹ ಇರುವುದೇ ಇಲ್ಲವೆನ್ನಬಹುದು, ಏಕೆಂದರೆ ಅದು ಆವಿಯೊಡನೆ ಏಳುವುದಿಲ್ಲ. ಲೋಹ ಕೂತ ನೆಲದಲ್ಲಿ ಲಾವಂಚ, ಪುದೀನಗಳನ್ನು ಎಣ್ಣೆಗಾಗಿ ಬೆಳೆಯಬಹುದೆಂಬ ಸಲಹೆ ಬಂದದ್ದು ಹೀಗೆ. ಈ ತಾಲೂಕುಗಳಿಗೆ ಅದಕ್ಕಿಂತ ಪರಿಚಿತ ಗಿಡ ಔಡಲ. ಅದು ಸೀಸ, ಕ್ಯಾಡ್ಮಿಯಂಗಳನ್ನು ತಾಳಿ ಬೆಳೆಯುತ್ತದೆ, ಅದರ ಎಣ್ಣೆಗೆ ಲೋಹ ಬರುವುದು ತೀರ ಕಡಿಮೆ. ಬಂದಷ್ಟು ಹಿಂಡಿಯಲ್ಲಿ ನಿಲ್ಲುತ್ತದೆ, ಔಡಲ ಹಿಂಡಿ ಒಳ್ಳೆಯ ಗೊಬ್ಬರವೆಂದು ಮತ್ತೆ ಹೊಲಕ್ಕೆ ಹೋಗುತ್ತದೆ. ನೆಲ ತೊಳೆಯಲೆಂದು ಔಡಲ ಹಾಕುವವರು ಎಣ್ಣೆಯನ್ನು ಮಾರಿದರೂ ಆ ಹಿಂಡಿಯನ್ನು ಎಲ್ಲಿಗೆ ಕಳಿಸಬೇಕೆಂದು ಮೊದಲೇ ಯೋಚಿಸಬೇಕಾಗುತ್ತದೆ.